ಉತ್ತರದ ಬಾಗಿಲು

“ಸರ್ಕಾರ ನಿನ್ನ ಮಗಳಿಗೆ ಹೇಳೇ ದಾರಿ ಮಾಡಿಸ್ತಾ ಇದ್ದು. ನೀ ನೋಡಿರೆ ಬಾಂಡ್ಲಿ ಹೊತ್ಕಂಡು ಗಬ್ಬದ ಎಮ್ಮೆ ನಡದಂಗೆ ನಡೀತ್ಯಲೇ. ಹೆಜ್ಜೆ ಎತ್ತೇ ಮುಂಡೇದೆ, ಸಿಮೆಂಟು ಬಾಂಡ್ಲೀಲೇ ಕಲ್ಲಾಗ್ತು.”

ನಾಗಪತಿ ಹೆಗಡೆಯವರು ಇದನ್ನು ಸಿಟ್ಟಿನಲ್ಲಿ ಹೇಳಿದ್ದಲ್ಲ. ಎಲೆಯಡಿಕೆಯ ಕವಳ ಹಾಕಿದ ಬಾಯಿ ಖಾಲಿ ಕೂರಬಾರದೆಂದು ಹೇಳಿದ್ದು. ಶಾಲೆಯ ಅಂಗಳದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಏರಿಸಿ, ಮೇಲಿನದನ್ನು ಕುಣಿಸುತ್ತಾ ಕೂತಿದ್ದರು. ಮಂಗನಕುಳಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಅವರೇ ಅಧ್ಯಕ್ಷರು. ಕಾನೂನಿನ ಪ್ರಕಾರ ಅಧ್ಯಕ್ಷನಾಗುವವನ ಮಗು ಅದೇ ಶಾಲೆಯಲ್ಲಿ ಓದುತ್ತಿರಬೇಕು. ಹೆಗಡೆಯವರ ಮೊಮ್ಮಗ ಪ್ರಥಮ ಓದುವುದು ಸಿದ್ದಾಪುರದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಹಾಗಾಗಿ ಕಾಗದದ ಮೇಲಿನ ಅಧ್ಯಕ್ಷ ಗೌಂಡಿ ಜಟ್ಟಪ್ಪ, ಕುರ್ಚಿಯ ಮೇಲಿನ ಅಧ್ಯಕ್ಷರು ಹೆಗಡೆಯವರು. ಕಾಗದದ ಅಧ್ಯಕ್ಷ ಆಗ ಮೊಣಕಾಲುದ್ದ ಕಾಂಕ್ರೀಟಿನಲ್ಲಿ ನಿಂತು ಕುರ್ಚಿಯ ಅಧ್ಯಕ್ಷರ ಬೈಗುಳಕ್ಕೆ ನೀರು ಹಾಕಿ ಕಲಸುತ್ತಿದ್ದ.

ನಾಗಿ ಬಾಂಡ್ಲಿ ಸುರಿದಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ತಿರುಗಿ ಹೊರಟಳು. ಬೈಗುಳ ಅವಳಿಗೆ ಹೊಸದಲ್ಲ. ಹೊಸದಾಗಿದ್ದದ್ದು ದಾರಿ. ತಾನು ಹೊರುತ್ತಿರುವ ಕಾಂಕ್ರೀಟು ಯಾರದೋ ಮನೆಯ ತಾರಸಿಗಲ್ಲ, ತನ್ನ ಭೂಮಿಕಾ ಶಾಲೆಯೊಳಗೆ ಹೋಗುವ ದಾರಿಗೆ ಎಂಬ ಒಂದೇ ಮಾತಿಗೆ ಅವಳು ಒಂದೊಂದು ಬಾಂಡ್ಲಿಯನ್ನೂ ಕೊಡಪಾನದ ಹಾಗೆ ಹೊತ್ತು ತಂದಿದ್ದಳು.

ಭೂಮಿಕಾಳ ಕಾಲುಗಳು ಹುಟ್ಟಿದಾಗಿನಿಂದ ಹೇಳಿದ ಮಾತು ಕೇಳುವವಲ್ಲ. ಅವೆರಡೂ ಓಡಬೇಕಾದ ಓಟವನ್ನೆಲ್ಲ ನಾಲಿಗೆ ಒಂದೇ ಓಡುತ್ತಿತ್ತು. ಮೂರನೇ ಇಯತ್ತೆವರೆಗೆ ನಾಗಿ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಯ ಮೆಟ್ಟಿಲು ಹತ್ತಿಸಿ ಒಳಗೆ ಕೂರಿಸಿ ಹೋಗುತ್ತಿದ್ದಳು. ಹುಡುಗಿ ಬೆಳೆದಳು, ಬೆನ್ನು ಬೆಳೆಯಲಿಲ್ಲ. ಹೋದ ವರ್ಷ ಅದೇ ಮೆಟ್ಟಿಲ ಮೇಲೆ ತಾಯಿ ಮಗಳು ಇಬ್ಬರೂ ಜಾರಿ ಬಿದ್ದರು. ಮಗಳಿಗೆ ಏನೂ ಆಗಲಿಲ್ಲ, ತಾಯಿಗೆ ಸೊಂಟ ಹಿಡಿಯಿತು, ಹೆಡ್ ಮಾಸ್ತರ ಬಸಪ್ಪನವರಿಗೆ ಹೆದರಿಕೆ ಹಿಡಿಯಿತು. ನಾಳೆ ಹೆಚ್ಚುಕಮ್ಮಿ ಆದರೆ ಜವಾಬ್ದಾರಿ ಯಾರದು ಎಂದು ಅವರು ಹುಡುಗಿಯನ್ನು ಒಳಗೆ ಕೂರಿಸುವುದನ್ನೇ ಬಿಟ್ಟರು. ಅಂದಿನಿಂದ ಭೂಮಿಕಾಳ ತರಗತಿ ಎಂದರೆ ಕಿಟಕಿಯ ಹೊರಗೆ, ನೇರಳೆ ಮರದ ಕೆಳಗೆ ಹಾಸಿದ ಗೋಣಿ.

ಕಿಟಕಿಯ ಕೆಳಗೆ ಕೂತವಳಿಗೆ ಬೋರ್ಡು ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳುತ್ತಿತ್ತು. ಕೇಳಿದ್ದನ್ನೆಲ್ಲ ಅವಳು ಹಾಗೇ ಇಟ್ಟುಕೊಂಡಳು, ಬೇಕೆಂದಾಗ ಬಾಯಿಂದ ತೆಗೆದಳು. ಬಸಪ್ಪ ಮಾಸ್ತರರ ಹಾನಗಲ್ ಕಡೆಯ ಮಾತು, ಮಾತಿನ ಮೊದಲು ಬರುವ ಎರಡು ಕೆಮ್ಮು, ಹೆಗಡೆಯವರ ‘ಅಡ್ಡಿಲ್ಲೆ’, ಸಿದ್ದಾಪುರ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರ ಹೆಸರು ಕರೆಯುವ ಬಗೆ, ಎಲ್ಲವೂ. ಒಂದು ದಿನ ಮಾಸ್ತರರು ಆಫೀಸು ರೂಮಿನಲ್ಲಿ ಫೋನು ಹಿಡಿದು ಕೂತಿದ್ದಾಗ ಹೊರಗಿನಿಂದ ಎರಡು ಕೆಮ್ಮು ಕೆಮ್ಮಿ ಇಡೀ ತರಗತಿಯ ಹಾಜರಿ ಕರೆದುಬಿಟ್ಟಳು. ಮಕ್ಕಳೆಲ್ಲ ಎದ್ದು ನಿಂತು ‘ಎಸ್ ಸರ್’ ಎಂದವು. ಮಾಸ್ತರರು ಓಡಿ ಬಂದು ನೋಡಿದರೆ ಹಾಜರಿ ಮುಗಿದಿದೆ, ಮಕ್ಕಳು ಕೂತಿವೆ, ತಾವು ಮಾತ್ರ ಗೈರು.

ಅವರು ಹೊಡೆಯಲಿಲ್ಲ. ಒಳ್ಳೆಯ ಮನುಷ್ಯ. ಅಂದಿನಿಂದ ಹಾಜರಿ ಕರೆಯುವಾಗ ಭೂಮಿಕಾಳ ಹೆಸರು ಬಿಟ್ಟರು, ಅಷ್ಟೆ. ಹೊರಗೆ ಕೂತವರ ಹೆಸರು ಒಳಗೆ ಕರೆಯುವುದಕ್ಕಾಗುವುದಿಲ್ಲ ಎಂದು ನಾಗಿಗೆ ಸಮಾಧಾನದಿಂದಲೇ ಹೇಳಿದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು: ಇಂಥ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯಿದೆ, ತಿಂಗಳಿಗೊಮ್ಮೆ ಯಾರಾದರೂ ಬಂದು ಹೋಗುತ್ತಾರೆ, ಅದಕ್ಕೆ ಹೆಬ್ಬೆಟ್ಟು ಒತ್ತಿಬಿಡು. ನಾಗಿ ಒತ್ತಲಿಲ್ಲ. ಅವಳ ಮನೆಯಲ್ಲಿ ಕಲಿಸಲಿಕ್ಕೆ ಇದ್ದದ್ದು ಒಂದು ಒಲೆ, ಒಂದು ಬೆಕ್ಕು. ಬೆಕ್ಕಿನ ದನಿ ಭೂಮಿಕಾ ಆಗಲೇ ಕಲಿತಾಗಿತ್ತು.

ಅಷ್ಟರಲ್ಲಿ ಗಾಲಿಕುರ್ಚಿ ಏರುವ ಇಳಿಜಾರು ದಾರಿ ಮಂಜೂರಾಯಿತು. ಎಲ್ಲರಂತಲ್ಲದ ಮಗು ಒಂದು ಈ ಶಾಲೆಯಲ್ಲಿದೆ ಎಂಬ ಕಾರಣಕ್ಕೇ ಮಂಜೂರಾದದ್ದು. ಮಾಸ್ತರರು ಹೆಬ್ಬೆಟ್ಟಿನ ಮಾತು ತೆಗೆಯುವುದನ್ನು ತಟ್ಟನೆ ಬಿಟ್ಟು ನಾಗಿಯನ್ನು ‘ನಾಗವ್ವ’ ಎಂದು ಕರೆಯತೊಡಗಿದರು.

*

ಇಳಿಜಾರು ಮೊದಲು ಶಾಲೆಯ ಎದುರು ಬಾಗಿಲಿಗೇ ಬರುವುದಿತ್ತು. ಜಟ್ಟಪ್ಪ ದಾರ ಕಟ್ಟಿ, ಸುಣ್ಣದ ಗೆರೆ ಎಳೆದೂ ಆಗಿತ್ತು. ಹೆಗಡೆಯವರು ಬಂದು ಮೊಬೈಲು ತೆಗೆದು, ಅದರಲ್ಲಿ ದಿಕ್ಕು ತೋರಿಸುವ ಮುಳ್ಳನ್ನು ಹೊಮ್ಮಿಸಿ, ಅಂಗಳದ ನಡುವೆ ನಿಂತು ಒಂದು ಸುತ್ತು ತಿರುಗಿದರು. ಬಾಗಿಲು ತೆಂಕಣಕ್ಕೆ. ತೆಂಕಣಕ್ಕೆ ಇಳಿಜಾರು ಬಿಟ್ಟರೆ ಯಮನ ಮನೆಗೆ ಗಾಡಿ ಬಿಟ್ಟ ಹಾಗೆ, ಅದರಲ್ಲೂ ಕಾಲಿಲ್ಲದ ಕೂಸನ್ನು, ಎಂದರು. ನಾಗಿ ಅದೇ ಬಾಗಿಲಿಂದಲೇ ಇಡೀ ಊರಿನ ಮಕ್ಕಳು ಹೋಗಿ ಬರುತ್ತಿವೆಯಲ್ಲ ಎಂದುಕೊಂಡಳು. ಜಟ್ಟಪ್ಪ ಆಮೇಲೆ ಬೀಡಿ ಸೇದುವಾಗ ಹೇಳಿದ, ಯಮನೂ ಇಲ್ಲ ಗಿಮನೂ ಇಲ್ಲ, ಹೆಗಡೇರ ಪಿಕಪ್ಪು ತಿರುಗೋದು ಆ ಅಂಗಳದಾಗೆ, ಇಳಿಜಾರು ಬಂದ್ರೆ ಚಕ್ರಕ್ಕೆ ಜಾಗ ಇಲ್ಲ.

ಹೀಗೆ ಒಂದು ಗಾಲಿಕುರ್ಚಿಯ ದಾರಿ ಒಂದು ಪಿಕಪ್ಪಿಗೆ ದಾರಿ ಬಿಟ್ಟು ಶಾಲೆಯ ಹಿಂದಕ್ಕೆ, ಉತ್ತರಕ್ಕೆ ಹೋಯಿತು. ಉತ್ತರ ಕುಬೇರನ ದಿಕ್ಕು. ಅಲ್ಲಿ ಕುಬೇರನಿಗೂ ಒಳಗೆ ಹೋಗಲು ಬಾಗಿಲಿರಲಿಲ್ಲ. ಚಿರೆಕಲ್ಲಿನ ಗೋಡೆ, ಮೇಲಿನಿಂದ ಕೆಳಗಿನವರೆಗೆ ಬೋಳು.

“ಅಲ್ಲಿ ಬಾಗ್ಲೇ ಇಲ್ವಲ್ರಾ ಹೆಗ್ಡೇರೇ,” ಎಂದಳು ನಾಗಿ.

“ಬಾಗಿಲು ಮುಂದೆ ಬತ್ತೇ. ದಾರಿ ಇದ್ರೆ ಬಾಗಿಲು ತಾನಾಗೇ ಬತ್ತು. ಅಡ್ಡಿಲ್ಲೆ.”

ಬಸಪ್ಪ ಮಾಸ್ತರರು ಎರಡು ಕೆಮ್ಮು ಕೆಮ್ಮಿ ತಿಳಿಸಿ ಹೇಳಿದರು. “ಹಂಗಲ್ಲವಾ ನಾಗವ್ವ. ಈಗ ಬಂದಿದ್ದು ಇಳಿಜಾರಿನ ರೊಕ್ಕ. ಬಾಗಲಾ ಬ್ಯಾರೆ ಸ್ಕೀಮಿನಾಗ ಬರ್ತೈತಿ. ಇದ್ರ ರೊಕ್ಕ ಅದಕ್ಕ ಹಾಕಿದ್ರ ನಾನು ಮನಿಗಿ ಹೋಗ್ಬೇಕಾಗ್ತೈತಿ.”

ಹಾಗಾಗಿ ಮಾಸ್ತರರು ಮನೆಗೆ ಹೋಗದ ಹಾಗೆ, ಹುಡುಗಿ ಒಳಗೆ ಹೋಗದ ಹಾಗೆ, ಇಳಿಜಾರು ಮುಗಿಯಿತು. ಚಂದದ ಇಳಿಜಾರು. ಎರಡು ಬದಿಗೂ ಕಬ್ಬಿಣದ ಕೈಪಟ್ಟಿ, ಅದಕ್ಕೆ ಹಳದಿ ಬಣ್ಣ. ಅಂಗಳದ ಮೂಲೆಯಿಂದ ಹೊರಟು, ಮೆಲ್ಲನೆ ಏರಿ, ಒಂದು ಹದವಾದ ತಿರುವು ತೆಗೆದುಕೊಂಡು, ಸೀದಾ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತಿತ್ತು.

ಮೊದಲು ಹತ್ತಿದ್ದು ಒಂದು ಆಡು. ಅದು ಗೋಡೆಯನ್ನು ಮೂಸಿ, ನಾಲ್ಕು ಹಿಕ್ಕೆ ಹಾಕಿ, ಬಂದ ದಾರಿಗೆ ಸುಂಕ ಕೊಟ್ಟೆನೆಂಬಂತೆ ಇಳಿದು ಹೋಯಿತು. ಆಮೇಲೆ ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಜಾರತೊಡಗಿದವು. ಕೊನೆಗೆ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಾಗಿ ಮಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದಳು. ಶಿಬಿರವೊಂದರಲ್ಲಿ ಕೊಟ್ಟ ಕುರ್ಚಿ ಅದು. ಮೆಟ್ಟಿಲು ಹತ್ತಲಾರದೆಂದು ಇಷ್ಟು ದಿನ ಮನೆಯಲ್ಲಿ ಕೋಳಿ ಕೂರಿಸಲು ಬಳಕೆಯಾಗುತ್ತಿತ್ತು. ತೊಳೆದು ತಂದಿದ್ದಳು.

ನೂಕುವುದು ಎಷ್ಟು ಹಗುರವಾಗಿತ್ತೆಂದರೆ ನಾಗಿಗೆ ಅರ್ಧ ದಾರಿಯಲ್ಲೇ ನಗು ಬಂತು. ತುದಿ ಮುಟ್ಟಿದರು. ಭೂಮಿಕಾಳ ಮಂಡಿ ಗೋಡೆಗೆ ತಾಗಿತು. ಗೋಡೆಯ ಆಚೆ ಅವಳ ತರಗತಿ.

“ದಾರಿ ಇದ್ರೆ ಬಾಗಿಲು ತಾನಾಗೇ ಬತ್ತು. ಅಡ್ಡಿಲ್ಲೆ,” ಎಂದಿತು ಕುರ್ಚಿ. ಕವಳ ತುಂಬಿದ ಬಾಯಿಯ ಒದ್ದೆ ದನಿ, ಥೇಟು ಹೆಗಡೆಯವರದೇ. ನಾಗಿ ಬೆಚ್ಚಿ ಹಿಂದೆ ನೋಡಿದಳು. ಯಾರೂ ಇರಲಿಲ್ಲ. ಮಗಳ ತಲೆಗೊಂದು ಮೊಟಕಿ, ಕುರ್ಚಿ ತಿರುಗಿಸಲು ಜಾಗವಿಲ್ಲದ್ದರಿಂದ ಹಿಂದು ಹಿಂದಾಗಿಯೇ ಇಳಿಸಿಕೊಂಡು ಹೋದಳು.

*

ಸಿದ್ದಾಪುರದಲ್ಲಿ ಮಾಸ್ತರರಿಗೆಲ್ಲ ತರಬೇತಿ ನಡೆಯಿತು. ವೇದಾ ಮೇಡಂ ಎಂಬವರು ಪರದೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡಿದರು. ಎಲ್ಲ ಮಕ್ಕಳಿಗೂ ಸಲ್ಲುವ ತರಗತಿ ಹೇಗಿರಬೇಕು: ಬೆಂಚುಗಳು ಸಾಲಾಗಿ ಬೇಡ, ದುಂಡಗಿರಲಿ, ಕಣ್ಣು ಮಂದವಾದವರಿಗೆ ದಪ್ಪ ಅಕ್ಷರ, ಕಿವಿ ಮಂದವಾದವರಿಗೆ ಚಿತ್ರ, ಗಾಲಿಕುರ್ಚಿ ಒಳಗೆ ತಿರುಗುವಷ್ಟು ಜಾಗ. ಮಗು ತರಗತಿಗೆ ಹೊಂದಿಕೊಳ್ಳುವುದಲ್ಲ, ತರಗತಿ ಮಗುವಿಗೆ ಹೊಂದಿಕೊಳ್ಳಬೇಕು. ಹೇಳಿದ ಒಂದು ಮಾತೂ ಸುಳ್ಳಲ್ಲ. ಕೊನೆಗೆ, ಯಾವ ಶಾಲೆಯಲ್ಲಿ ಇಳಿಜಾರು ಆಗಿದೆ ಎಂದು ಕೇಳಿದರು. ಬಸಪ್ಪನವರ ಕೈ ಅವರನ್ನು ಕೇಳದೆಯೇ ಮೇಲೆದ್ದಿತು. ಮಂಗನಕುಳಿ ತಾಲ್ಲೂಕಿನ ಮಾದರಿ ತರಗತಿಯಾಯಿತು. ಉದ್ಘಾಟನೆಗೆ ಇಲಾಖೆಯ ದೊಡ್ಡ ಸಾಹೇಬರೇ ಬರುತ್ತಾರೆಂದಾಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಮಾಸ್ತರರಿಗೆ ಬಾಗಿಲು ನೆನಪಾಯಿತು. ಆ ಕೆಮ್ಮು ಊರು ಮುಟ್ಟುವವರೆಗೂ ನಿಲ್ಲಲಿಲ್ಲವಂತೆ.

ಗೋಡೆ ಒಡೆಯೋಣವೆಂದರೆ ಗೋಡೆ ಒಂದು ಇಲಾಖೆಯದು, ಅದು ನಿಂತ ನೆಲ ಇನ್ನೊಂದರದು, ಬರಬೇಕಾದ ಬಾಗಿಲು ಮೂರನೆಯದರದು. ಒಪ್ಪಿಗೆ ಬರುವಷ್ಟರಲ್ಲಿ ಭೂಮಿಕಾಳ ಮೊಮ್ಮಕ್ಕಳು ನಾಲ್ಕನೇ ಇಯತ್ತೆಗೆ ಬಂದಿರುತ್ತವೆ. ಆದರೆ ಗೋಡೆಗೆ ಬಣ್ಣ ಬಳಿಯಲು ಯಾರ ಒಪ್ಪಿಗೆಯೂ ಬೇಡ. ಶಾಲೆಯ ಅಂದಚಂದಕ್ಕೆಂದು ಬಂದ ಹಣ ಹಾಗೇ ಇದೆ. ಈ ದಾರಿ ಹೆಗಡೆಯವರಿಗೆ ಹೊಳೆದದ್ದು. ಗೋಡೆಯ ಮೇಲೆ ಬಾಗಿಲೇ ಬರೆಸಿಬಿಡುವ.

ಶಿರಸಿಯಿಂದ ಪೇಂಟರ್ ದಿನಕರ ಬಂದ. ಅಂಗಡಿ ಬೋರ್ಡು ಬರೆಯುವವನು, ಫ್ಲೆಕ್ಸು ಬಂದ ಮೇಲೆ ಕೆಲಸವಿಲ್ಲದೆ ಕೂತವನು. ಬಹಳ ದಿನದ ಮೇಲೆ ಕುಂಚ ಹಿಡಿದದ್ದಕ್ಕೆ ಪ್ರಾಣ ಬಿಟ್ಟು ಬರೆದ. ಸಾಗವಾನಿಯ ಎಳೆಎಳೆ ಕಾಣುವ ಎರಡು ಕದ, ಹಿತ್ತಾಳೆಯ ತಿರುಗಣೆ, ಹೊಸ್ತಿಲು, ಹೊಸ್ತಿಲ ಮೇಲೆ ಬಿದ್ದ ನೆರಳು. ನಾಗಿಗೆ ಅವನಿಗೆ ನೀರು ಹೊರುವ ಕೆಲಸ. ಒಂದು ಮಧ್ಯಾಹ್ನ ಅವಳು ಕೊಡ ಹೊತ್ತು ಏರಿ ಬಂದವಳು ಮರೆತು, ಕದ ನೂಕಲು ಭುಜ ಕೊಟ್ಟುಬಿಟ್ಟಳು. ಸೀರೆಗೆ ಸಾಗವಾನಿ ಹತ್ತಿತು.

ಹೆಗಡೆಯವರು ನೋಡಿ ಮೆಚ್ಚಿದರು. ಒಂದೇ ಕೊರತೆ ತೋರಿಸಿದರು. ಬೀಗವಿಲ್ಲ. ಊರು ಮೊದಲಿನಂತಿಲ್ಲ, ಬಾಗಿಲಿದ್ದ ಮೇಲೆ ಬೀಗವಿರಬೇಕು. ದಿನಕರ ಬೀಗ ಬರೆದ. ಬೀಗವಿದ್ದ ಮೇಲೆ ಬೀಗದ ಕೈ ಎಲ್ಲಿ ಎಂದು ಮಾಸ್ತರರು ಚಿಂತೆಗೆ ಬಿದ್ದರು. ದಿನಕರ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಬರೆದು ಅದಕ್ಕೆ ಬೀಗದ ಕೈ ನೇತುಹಾಕಿದ. ಕೈಗೆ ಎಟುಕುವ ಹಾಗೆ ಇಟ್ಟರೆ ಮಕ್ಕಳು ಕದಿಯುತ್ತವೆ ಎಂದು ಮಾಸ್ತರರಿಗೆ ಮತ್ತೆ ಚಿಂತೆ. ಅಳಿಸಿ, ಒಂದು ಮೊಳ ಮೇಲೆ ಬರೆಸಿದರು.

ಅಲ್ಲಿಂದ ಮುಂದೆ ಅದು ಬಾಗಿಲೇ ಆಯಿತು. ಹೆಗಡೆಯವರು ಅದರ ಎದುರು ಚಪ್ಪಲಿ ಬಿಟ್ಟು ನಿಂತು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಮಾವಿನ ತೋರಣ ಕಟ್ಟಲು ಮಾತ್ರ ನಿಜವಾದ ಮೊಳೆ ಹೊಡೆಯಬೇಕಾಯಿತು. ಕದದ ಹತ್ತಿರ ಆಡಬೇಡಿ, ಯಾರಾದರೂ ಒಳಗಿನಿಂದ ತೆಗೆದರೆ ಹಲ್ಲು ಹೋಗುತ್ತದೆ ಎಂದು ಮಾಸ್ತರರು ಮಕ್ಕಳಿಗೆ ಗದರಿಸುವುದನ್ನು ನಾಗಿ ತನ್ನ ಕಿವಿಯಾರೆ ಕೇಳಿದಳು.

*

ಉದ್ಘಾಟನೆಯ ಮುನ್ನಾದಿನ ಮಾಸ್ತರರು ನಾಗಿಯನ್ನು ಕರೆಸಿದರು. ಹೆಗಡೆಯವರೂ ಇದ್ದರು. ಮಾದರಿ ತರಗತಿಯೆಂದ ಮೇಲೆ ಎಲ್ಲ ಬಗೆಯ ಮಕ್ಕಳೂ ಕಾಣಬೇಕಲ್ಲ, ಅದರ ಹಂಚಿಕೆ ನಡೆಯುತ್ತಿತ್ತು. ಜಟ್ಟಪ್ಪನ ಮಗ ಸಂಜಯ, ಮರದ ತುದಿಯ ಹಣ್ಣು ನೆಲದಿಂದಲೇ ಎಣಿಸುವವನು, ಅವನಿಗೆ ಕಣ್ಣು ಮಂದ; ಕಪ್ಪು ಕನ್ನಡಕ ತಂದಾಗಿತ್ತು. ಪಿಸುಮಾತನ್ನೂ ಬಿಡದೆ ಕೇಳಿ ಚಾಡಿ ಹೇಳುವ ಸಮೃದ್ಧಿಗೆ ಕಿವಿ ಮಂದ. ಅವಳು ಆಗಲೇ ಯಾರು ಕರೆದರೂ ತಿರುಗಿ ನೋಡದೆ ಅಭ್ಯಾಸ ಮಾಡುತ್ತಿದ್ದಳು. ಉಳಿದದ್ದು ಗಾಲಿಕುರ್ಚಿ.

“ಕುರ್ಚಿ ನಾಳೆ ಬೆಳಿಗ್ಗೆ ಲಗೂನ ಕಳಸವಾ,” ಎಂದರು ಮಾಸ್ತರರು. “ಹುಡುಗಿನ್ನ ಒಂದಿನ ಮನ್ಯಾಗ ಇಟ್ಕೋ.”

ನಾಗಿಗೆ ಮೊದಲು ತಿಳಿಯಲಿಲ್ಲ. ಕುರ್ಚಿ ಬೇಕು, ಹುಡುಗಿ ಬೇಡ ಎಂದರೆ ಹೇಗೆ ಎಂದು ಕೇಳಿದಳು.

ಹೆಗಡೆಯವರು ಬಿಡಿಸಿ ಹೇಳಿದರು. ಭೂಮಿಕಾ ಸಾಹೇಬರ ಎದುರೇ ಸಾಹೇಬರ ದನಿ ತೆಗೆದರೆ ಮಂಗನಕುಳಿಯ ಮಾನ ಹೋಗುತ್ತದೆ. ಅಲ್ಲದೆ ಅವಳ ಕೈಕಾಲು ಸೊಟ್ಟ, ಪೇಪರಿನ ಫೋಟೋಕ್ಕೆ ಕಾಣಲು ಒಂದು ರೀತಿ. ಪ್ರಥಮನನ್ನು ಸಿದ್ದಾಪುರದ ಶಾಲೆಗೆ ರಜೆ ಹಾಕಿಸಿ ಕರೆಸಿದ್ದೇನೆ, ಇಲ್ಲಿಯ ಸಮವಸ್ತ್ರ ಹಾಕಿ ಕೂರಿಸಿದರೆ ಲಕ್ಷಣವಾಗಿರುತ್ತದೆ.

“ಕಾಲಿದ್ದ ಹುಡ್ಗ ಕೂತ್ಕಂಬೂದು, ಕಾಲಿಲ್ದ ಹುಡ್ಗಿ ಮನೇಲಿ ಇರೂದು. ಇದೆಂತಾ ನ್ಯಾಯ್ರಾ?”

“ಒಂದು ದಿನದ್ದೇ. ಕುರ್ಚಿ ಸವಿತ್ತಿಲ್ಲೆ,” ಎಂದರು ಹೆಗಡೆಯವರು. ಆಮೇಲೆ ನಗುತ್ತಲೇ, ಅವಳ ಬಿಡಾರ ನಿಂತದ್ದು ಯಾರ ಹುಲ್ಲುಗಾವಲ ಬೇಣದಲ್ಲಿ ಎಂಬುದನ್ನು ಗಾಳಿ ಮಳೆಯ ಸುದ್ದಿ ಕೇಳಿದಷ್ಟು ಹಗುರವಾಗಿ ಕೇಳಿದರು. ನಾಳೆ ಕಮಾನು ನಿಲ್ಲಿಸಲು ಗುಂಡಿ ತೋಡುವುದಿದೆ, ಹಾರೆ ಹಿಡಿದು ಬೇಗ ಬಾ ಎಂದರು.

ನಾಗಿ ಮನೆಗೆ ಹೋಗಿ ಕುರ್ಚಿ ಒರೆಸಿದಳು. ನಾಳೆ ಕುರ್ಚಿಯಲ್ಲಿ ಕೂರುವುದು ಯಾರೆಂದು ಮಗಳಿಗೆ ಹೇಳುವಾಗ ಮಗಳ ಮುಖ ನೋಡಲಿಲ್ಲ, ಚಕ್ರ ನೋಡುತ್ತಾ ಹೇಳಿದಳು. ಭೂಮಿಕಾ ಯಾರ ದನಿಯನ್ನೂ ತೆಗೆಯಲಿಲ್ಲ. ತನ್ನದನ್ನೂ ತೆಗೆಯಲಿಲ್ಲ. ಅದೇ ನಾಗಿಗೆ ತಡೆಯದಾಯಿತು.

*

ಬೆಳಿಗ್ಗೆ ನಾಗಿ ಕುರ್ಚಿ ಕಳಿಸಿದಳು. ಆಮೇಲೆ ಮಗಳನ್ನು ಹಳೆಯ ಹಾಗೆ ಸೀರೆಯಲ್ಲಿ ಬೆನ್ನಿಗೆ ಕಟ್ಟಿ, ಕೈಯಲ್ಲಿ ಹಾರೆ ಹಿಡಿದು ಬಂದಳು. ಕೇಳಿದವರಿಗೆ, ಮನೆಯಲ್ಲಿ ನೋಡುವವರಿಲ್ಲ, ಅಡುಗೆ ಕೋಣೆಯ ಹಿಂದೆ ಕೂರಿಸುತ್ತೇನೆ, ಉಸಿರೆತ್ತುವುದಿಲ್ಲ ಎಂದಳು. ಹಾಗೇ ಕೂರಿಸಿದಳು. ಗುಂಡಿ ತೋಡಿದಳು. ಇಳಿಜಾರಿನ ಬುಡದಲ್ಲಿ ಕಮಾನು ನಿಂತಿತು. ‘ಎಲ್ಲರಿಗೂ ತೆರೆದ ತರಗತಿಗೆ ಸ್ವಾಗತ’ ಎಂಬ ಬ್ಯಾನರು, ಕೆಳಗಿನಿಂದ ನೋಡಿದರೆ, ಸೀದಾ ಬೀಗ ಹಾಕಿದ ಬಾಗಿಲ ಮೇಲೆ ಕಾಣುತ್ತಿತ್ತು.

ದೊಡ್ಡ ಸಾಹೇಬರು ಬಂದರು. ವೇದಾ ಮೇಡಂ ಬಂದರು. ಫೋಟೋದವರು ಬಂದರು. ಪ್ರಥಮ ಗಾಲಿಕುರ್ಚಿಯಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು, ಕಾಲು ಆಡಿಸಬಾರದೆಂದು ಅಜ್ಜ ಹೇಳಿದ್ದನ್ನು ನೆನಪಿಟ್ಟುಕೊಂಡು ಕೂತಿದ್ದ. ಸಂಜಯ ಕಪ್ಪು ಕನ್ನಡಕದಲ್ಲಿ ನಿಜಕ್ಕೂ ಏನೂ ಕಾಣದೆ ಕಮಾನಿನ ಬಿದಿರಿಗೆ ಹಾಯ್ದ. ಸಾಹೇಬರು ಮರುಗಿ ಅವನ ತಲೆ ಸವರಿದರು. ಸಮೃದ್ಧಿಯ ಹೆಸರನ್ನು ಮೂರು ಸಲ ಕೇಳಿದರು. ಅವಳು ಗೋಡೆಯಂತೆ ನಿಂತಿದ್ದಳು. ಮಾಸ್ತರರು ಕಣ್ಣಲ್ಲೇ ಶಹಬ್ಬಾಸು ಕೊಟ್ಟರು.

ಸಾಹೇಬರೇ ಕುರ್ಚಿ ನೂಕಿಕೊಂಡು ಇಳಿಜಾರು ಏರಿದರು. ಹಿಂದೆ ಎಲ್ಲರೂ. ಚಾ ಕಪ್ಪುಗಳ ತಟ್ಟೆ ಹಿಡಿದು ನಾಗಿ ಕೊನೆಯಲ್ಲಿ.

ಬಾಗಿಲ ಎದುರು ನಿಂತು ಸಾಹೇಬರು ಕತ್ತರಿಯಿಂದ ರಿಬ್ಬನ್ ಕತ್ತರಿಸಿದರು. ಚಪ್ಪಾಳೆಯಾಯಿತು. ಫೋಟೋಕ್ಕೆಂದು ಕನ್ನಡಕ ತೆಗೆದು ಕಿಸೆಯಲ್ಲಿಟ್ಟಿದ್ದ ಸಾಹೇಬರು, ಬೀಗ ಹಾಗೇ ಇದೆಯಲ್ಲ, ಬೀಗದ ಕೈ ಎಲ್ಲಿ ಎಂದರು. ಮಾಸ್ತರರು ಕೆಮ್ಮಿದರು. ಆದರೂ ಅವರ ಕಣ್ಣು ಅಭ್ಯಾಸದಿಂದ ಮೊಳೆಯ ಕಡೆ ಹೋಯಿತು. ಸಾಹೇಬರು ಅದನ್ನು ಹಿಂಬಾಲಿಸಿ ನೋಡಿ, ತುದಿಗಾಲಲ್ಲಿ ನಿಂತು ಕೈ ಚಾಚಿ ಬೀಗದ ಕೈ ತೆಗೆಯಲು ಹೋದರು. ಉಗುರು ಗೋಡೆ ಕೆರೆಯಿತು. ಮತ್ತೊಮ್ಮೆ ಕೆರೆಯಿತು. ಬೆರಳು ಮೂಸಿದರು. ಕನ್ನಡಕ ಹಾಕಿಕೊಂಡರು.

ಫೋಟೋದವರು ಕ್ಯಾಮೆರಾ ಇಳಿಸಿದರು.

ವೇದಾ ಮೇಡಂ ಬಾಯಿ ತೆರೆದು, “ಸರ್, ಇದು ಬಾಗಿಲು...” ಎಂದರು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಮೇಡಂ ಮಾತನ್ನು ಹಾಗೇ ತಿರುಗಿಸಿಕೊಂಡು, “...ಬಾಗಿಲು ಚೆನ್ನಾಗಿ ಬಂದಿದೆ,” ಎಂದರು.

“ಮುಚ್ಚಿರುವುದೇ ಒಳ್ಳೆಯದು,” ಎಂದರು ಸಾಹೇಬರು. “ಮಕ್ಕಳಿಗೆ ಧೂಳು ಹೊಡೆಯುವುದಿಲ್ಲ.”

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಮುಚ್ಚಿದ ಬಾಗಿಲ ಮುಂದೆ ಫೋಟೋ ಆಯಿತು. ಅಷ್ಟರಲ್ಲಿ ಕೆಳಗೆ ಲಾಡು ಹಂಚುವ ಸದ್ದು ಕೇಳಿ ಪ್ರಥಮ ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಎದ್ದು, ಇಳಿಜಾರಿನಲ್ಲಿ ದಡದಡ ಓಡಿಬಿಟ್ಟ. ಹೆಗಡೆಯವರ ಮುಖದ ಬಣ್ಣ ಇಳಿಯಿತು. ಸಾಹೇಬರು ಮಾತ್ರ ಹುಡುಗನ ಬೆನ್ನು ನೋಡುತ್ತಾ ಗದ್ಗದಿತರಾದರು. ನೋಡಿ, ಸೌಲಭ್ಯ ಒದಗಿಸಿದರೆ ಮಗು ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂದರು. ಪತ್ರಿಕೆಯವನು ಬರೆದುಕೊಂಡ. ಈ ಸಲದ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

*

ದೊಡ್ಡವರು ಅಂಗಳದ ಶಾಮಿಯಾನದಡಿ ಊಟಕ್ಕೆ ಕೂತರು. ಮಕ್ಕಳನ್ನು ಗದ್ದಲವಾಗದಂತೆ ತರಗತಿಯಲ್ಲಿ ಕೂಡಿಹಾಕಿದರು. ಕೈ ತೊಳೆಯಲು ಬಂದ ಮಾಸ್ತರರು ಅಡುಗೆ ಕೋಣೆಯ ಹಿಂದೆ ಭೂಮಿಕಾಳನ್ನು ಕಂಡು, ಪಕ್ಕದಲ್ಲಿ ನಿಂತ ನಾಗಿಗೆ ಮೆಲ್ಲಗೆ ಹೇಳಿದರು. ಎಲ್ಲ ಸುಸೂತ್ರ ಆಯಿತು. ಇನ್ನು ಹೆಬ್ಬೆಟ್ಟು ಒತ್ತಿಬಿಡು, ಹುಡುಗಿಯನ್ನು ಮನೆಗೆ ದಾಖಲು ಮಾಡುವ.

“ಇಳಿಜಾರು ಆಯ್ತಲ್ರಾ ಮಾಸ್ತರೇ.”

“ಇಳಿಜಾರು ಸಾಲಿಗಿ ಬರೋ ಮಕ್ಕಳಿಗವಾ. ನಿನ್ನ ಮಗಳು ಒಳಗ ಬರಂಗಿಲ್ಲಲ್ಲ.”

“ಎಂತಕ್ಕೆ ಬರೂದಿಲ್ಲ?”

“ಬಾಗಲಾ ಇಲ್ಲಲ್ಲವಾ,” ಎಂದರು ಮಾಸ್ತರರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಕೈ ಒರೆಸಿಕೊಂಡು ಪಾಯಸಕ್ಕೆ ಹೋದರು.

ನಾಗಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಆಮೇಲೆ ಮಗಳನ್ನು ಎತ್ತಿ ಬೆನ್ನಿಗೆ ಹಾಕಿಕೊಂಡಳು. ಸೊಂಟ ಹಿಡಿಯಿತು, ಹಿಡಿಯಲಿ ಎಂದಳು. ಕಮಾನಿನ ಬುಡಕ್ಕೆ ಒರಗಿಸಿದ್ದ ಹಾರೆ ತೆಗೆದುಕೊಂಡಳು. ಇಳಿಜಾರು ಏರಿ, ಹಾರ ನೇತಾಡುತ್ತಿದ್ದ ಗಾಲಿಕುರ್ಚಿಯಲ್ಲಿ ಮಗಳನ್ನು ಕೂರಿಸಿ, ಕಲ್ಲಿನ ಚಕ್ಕೆ ಹಾರಿದರೆ ತಾಗದ ಹಾಗೆ ಹಿಂದಕ್ಕೆ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟಳು. ಸೆರಗು ಸೊಂಟಕ್ಕೆ ಬಿಗಿದಳು. ಬೀಗ ನೋಡಿ ಹಾಕಿದಳು ಮೊದಲ ಏಟು.

ಹಿತ್ತಾಳೆ ಉದುರಿತು. ಒಳಗೆ ಚಿರೆಕಲ್ಲು ಕೆಂಪಗೆ ಕಂಡಿತು.

ಎರಡನೆಯ ಏಟಿಗೆ ಶಾಮಿಯಾನದಲ್ಲಿ ತಲೆಗಳು ಎದ್ದವು. ಮೂರನೆಯದಕ್ಕೆ ಹೆಗಡೆಯವರು ಎಂಜಲು ಕೈಯಲ್ಲೇ ಓಡಿ ಬಂದರು. ಇಳಿಜಾರಿನ ಬುಡದಲ್ಲಿ ಜಟ್ಟಪ್ಪ ಕೂತು ಲಾಡು ತಿನ್ನುತ್ತಿದ್ದ. ದಾರಿಗೆ ಅಡ್ಡವಾಗಿಯೇ ಕೂತಿದ್ದ.

“ಏಳೋ ಬೋಳಿಮಗನೇ, ಜಾಗ ಬಿಡು. ಸರ್ಕಾರದ ಗೋಡೆ ಒಡೀತಾ ಇದ್ದು ಆ ಹಡಬೆ.”

“ತಡೀರಿ ಹೆಗ್ಡೇರೇ, ಅಧ್ಯಕ್ಷ್ರು ಲಾಡು ತಿಂತಾ ಅವ್ರೆ,” ಎಂದ ಜಟ್ಟಪ್ಪ. ಏಳಲಿಲ್ಲ.

“ಸರ್ಕಾರದ ಗೋಡೆ ಎಲ್ಲೈತ್ರಾ ಇಲ್ಲಿ,” ಎಂದಳು ನಾಗಿ, ಹಾರೆ ಎತ್ತಿದ ಕೈ ಇಳಿಸದೆ. “ಕಾಯಿ ಒಡ್ದು ಕುಂಕುಮ ಹಚ್ಚಿದ್ದು ನೀವೇಯ. ಬಾಗ್ಲು ಇದು. ನಿಮ್ಮಜ್ಜಿ ಪಿಂಡ, ಬೀಗದ್ ಕೈ ಕೊಡೂಕೆ ಆಗ್ದಿದ್ರೆ ಒಡೀದೆ ಎಂತ ಮಾಡೂದು?”

ಹಾರೆ ಇಳಿಯಿತು. ಒಂದು ಕಲ್ಲು ಸಡಿಲಾಗಿ ಒಳಕ್ಕೆ ಉರುಳಿತು. ತರಗತಿಯಿಂದ ಕಿರುಚು, ಆಮೇಲೆ ನಗು. ತಲೆ ಹಿಡಿಯುವಷ್ಟು ತೂತಿನಲ್ಲಿ ಮೊದಲು ಕಂಡದ್ದು ಸಂಜಯನ ಕಪ್ಪು ಕನ್ನಡಕ. ಅವನು ಅದನ್ನು ಹಣೆಗೆ ಏರಿಸಿ, ಪಕ್ಕದ ಕಲ್ಲಿಗೆ ಎರಡೂ ಕೈ ಹಾಕಿ ಒಳಗಿನಿಂದ ಅಲುಗಿಸತೊಡಗಿದ. ಕಿವಿ ಮಂದದ ಸಮೃದ್ಧಿಗೆ ಏಟಿನ ಸದ್ದು ಚೆನ್ನಾಗಿ ಕೇಳಿ ಅವಳೂ ಬಂದಳು.

ಬಸಪ್ಪ ಮಾಸ್ತರರು ಜಟ್ಟಪ್ಪನ ಹಿಂದೆ ನಿಂತು ಏನೋ ಹೇಳಲು ಎರಡು ಕೆಮ್ಮು ಕೆಮ್ಮಿದರು. ಆದರೆ ಮಾತು ಬಂದದ್ದು ಮೇಲಿನಿಂದ, ಗಾಲಿಕುರ್ಚಿಯಿಂದ. ಅದೇ ಹಾನಗಲ್ ರಾಗ, ಅದೇ ಗಂಟಲು.

“ಏ, ಸುಮ್ಮ ಕುಂದರ್ರಿ. ಹಾಜರಿ ಕರೀತೀನಿ. ಅಭಿಜ್ಞಾ.”

“ಎಸ್ ಸರ್,” ಎಂದಿತು ತೂತು.

“ಸಂಜಯ.”

“ಎಸ್ ಸರ್.” ಕಲ್ಲು ಹಿಡಿದುಕೊಂಡೇ.

“ಸಮೃದ್ಧಿ.”

“ಎಸ್ ಸರ್.”

ಹೆಸರಿಗೊಂದು ಏಟು, ಏಟಿಗೊಂದು ‘ಎಸ್ ಸರ್’. ದಿನಕರನ ಸಾಗವಾನಿ ಚಕ್ಕೆ ಚಕ್ಕೆಯಾಗಿ ನಾಗಿಯ ಕೂದಲ ಮೇಲೆ ಬೀಳುತ್ತಿತ್ತು. ತೋರಣ ಹರಿಯಿತು. ಒಂದು ಮೊಳ ಮೇಲೆ, ಮೊಳೆಯ ಮೇಲೆ, ಬೀಗದ ಕೈ ಮಾತ್ರ ಇದ್ದ ಹಾಗೇ ಇತ್ತು. ಕೆಳಗೆ ದೊಡ್ಡ ಸಾಹೇಬರು ಫೋನಿನಲ್ಲಿ ಯಾರನ್ನೋ ಬರಹೇಳುತ್ತಿದ್ದರು. ಮಂಗನಕುಳಿ ಎಂಬ ಹೆಸರನ್ನು ಆ ಕಡೆಯವರಿಗೆ ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗುತ್ತಿತ್ತು.

ಹೆಸರುಗಳು ಮುಗಿದವು. ಕುರ್ಚಿ ಮತ್ತೆ ಎರಡು ಕೆಮ್ಮು ಕೆಮ್ಮಿತು.

“ಭೂಮಿಕಾ.”

ಒಳಗಿನ ಮಕ್ಕಳೆಲ್ಲ ತೂತಿಗೆ ಮುಖ ಕೊಟ್ಟು ಹೊರಗೆ ನೋಡಿದವು. ಹೆಗಡೆಯವರು, ಮಾಸ್ತರರು, ಲಾಡು ಮುಗಿಸಿದ ಜಟ್ಟಪ್ಪ, ಎಲ್ಲರೂ ನೋಡಿದರು. ನಾಗಿ ಹಾರೆ ಊರಿ, ಏದುಸಿರು ಬಿಡುತ್ತಾ ಮಗಳ ಕಡೆ ತಿರುಗಿದಳು.

ಭೂಮಿಕಾ ಎರಡು ಕೈಯನ್ನೂ ಚಕ್ರದಿಂದ ಚಕ್ರಕ್ಕೆ ಅಗಲಿಸಿ ಕುರ್ಚಿಯ ಅಗಲ ಹಿಡಿದಳು. ಅದೇ ಅಗಲದ ಕೈಗಳನ್ನು ಎತ್ತಿ ತೂತಿಗೆ ಹಿಡಿದು ನೋಡಿದಳು.

“ಈಗ್ಲೇ ಹೇಳೂದಿಲ್ಲ,” ಎಂದಳು, ತನ್ನದೇ ದನಿಯಲ್ಲಿ. “ಒಳಗೆ ಹೋದ ಮ್ಯಾಲೆ ಹೇಳ್ತೆ. ಇನ್ನೂ ಎರಡು ಕಲ್ಲು ತೆಗಿ ಅಬ್ಬೆ.”

ನಾಗಿ ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದಳು.